ಕಿಂಗ್ ಲಿಯರ್ ನಾಟಕವನ್ನು ಇವತ್ತಿನ ಕಾಲಕ್ಕೆ ತರೋದು ಹೇಗೆ?

ಪ್ರಶ್ನೆ:
ನಮ್ಮ ಹವ್ಯಾಸಿ ನಾಟಕ ತಂಡ ಈ ಸಲ ಷೇಕ್ಸ್‌ಪಿಯರ್‌ನ ಕಿಂಗ್ ಲಿಯರ್ ಮಾಡಬೇಕು ಅಂತಿದೆ. ಕಿರೀಟ, ಕತ್ತಿ, ಅರಮನೆ ಯಾವುದೂ ಬೇಡ. ತೋಟ, ಮಿಲ್ಲು ಇರುವ ಇವತ್ತಿನ ಒಬ್ಬ ಸಾಹುಕಾರ ವಯಸ್ಸಾದ ಮೇಲೆ ಮೂವರು ಹೆಣ್ಣುಮಕ್ಕಳಿಗೆ ಆಸ್ತಿ ಹಂಚುತ್ತಾನೆ, ಕಿರಿಯವಳು ಹೊಗಳಲಿಲ್ಲ ಅಂತ ಅವಳಿಗೆ ಏನೂ ಕೊಡೋದಿಲ್ಲ. ಇಲ್ಲಿಯವರೆಗೆ ಸಲೀಸಾಗಿ ಕೂತಿದೆ. ತೊಂದರೆ ಇರೋದು ಆಮೇಲೆ. ಲಿಯರ್ ರಾಜ, ಅವನು ದೂರು ಕೊಡಲು ಮೇಲೆ ಯಾರೂ ಇಲ್ಲ. ನಮ್ಮ ಸಾಹುಕಾರನಿಗೆ ಪೊಲೀಸ್ ಇದೆ, ಕೋರ್ಟ್ ಇದೆ, ಫೋನ್ ಇದೆ. ಮಕ್ಕಳು ಹೊರಗೆ ಹಾಕಿದರೆ ಲಿಯರ್‌ನ ಹಾಗೆ ಸುಮ್ನೆ ಮಳೆಯಲ್ಲಿ ಯಾಕೆ ಅಲೆಯುತ್ತಾನೆ? ಲಿಯರ್ ತನ್ನ ಜೊತೆಗೆ ಇಟ್ಟುಕೊಳ್ಳುವ ನೂರು ಜನ ಸವಾರರ ಜಾಗಕ್ಕೆ ಏನಿಡೋದು ಅನ್ನೋದೂ ಹೊಳೆಯುತ್ತಿಲ್ಲ.

ಉತ್ತರ 1:
ಪಾಲು ಪಾರಿಕತ್ತಿನ ಜಗಳ ಮನೆಯಲ್ಲೇ ನೋಡಿದವರು ಪ್ರೇಕ್ಷಕರಲ್ಲಿ ಇದ್ದೇ ಇರುತ್ತಾರೆ, ಅವರು ಇದನ್ನು ಹಿಡಿದೇ ಹಿಡಿಯುತ್ತಾರೆ. ಮೊದಲು ಆಸ್ತಿಯನ್ನು ಸ್ವಯಾರ್ಜಿತ ಮಾಡಿ. ಪಿತ್ರಾರ್ಜಿತ ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಅಪ್ಪ ಸಿಟ್ಟಿನಲ್ಲಿ ಕಿರಿಯವಳ ಪಾಲು ಕಿತ್ತುಕೊಳ್ಳಲು ಆಗಲ್ಲ, ನಾಟಕ ಮೊದಲ ದೃಶ್ಯದಲ್ಲೇ ನಿಂತುಹೋಗುತ್ತದೆ. ವಿಲ್ ಕೂಡ ಬೇಡ, ಬದುಕಿರುವವರೆಗೆ ಅದನ್ನು ಬದಲಾಯಿಸಬಹುದು. ದಾನಪತ್ರ ರಿಜಿಸ್ಟರ್ ಮಾಡಿಸಿ.

ಇನ್ನೊಂದು ವಿಷಯ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ 23ನೇ ಸೆಕ್ಷನ್ ಇದೆ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ವಾಪಸ್ ಕೇಳಬಹುದು. ಸಾಹುಕಾರನ ವಕೀಲ ಆ ಷರತ್ತು ಬರೆಸಿ ಅಂತ ಬೇಡಿಕೊಳ್ಳಲಿ. "ನನ್ನ ಮಕ್ಕಳಿಗೆ ಷರತ್ತಾ?" ಅಂತ ಇವನು ಅದನ್ನು ಹೊಡೆದುಹಾಕಿಸಿ, ವಕೀಲನನ್ನೂ ಆಚೆಗೆ ಕಳಿಸಲಿ. ಅವನೇ ನಿಮ್ಮ ಕೆಂಟ್, ಮೂಲದಲ್ಲಿ ಕಿರಿಯವಳ ಪರ ಮಾತಾಡಿ ಗಡೀಪಾರಾಗುವ ನಿಷ್ಠಾವಂತ.

ಉತ್ತರ 2:
ವಕೀಲನ ವಿಚಾರ ಬಹಳ ಚೆನ್ನಾಗಿದೆ. ಆದರೆ ದಾರಿಗಳನ್ನೆಲ್ಲ ಕಾನೂನಿನಿಂದಲೇ ಮುಚ್ಚಬೇಡಿ. ಅರ್ಜಿ ಹಾಕಿ ನೋಡೋಣ ಅಂತ ಯಾರಾದರೂ ಹೇಳಲಿ. ಅದರಲ್ಲಿ ಏನು ಬರೆಯಬೇಕು? ನನ್ನ ಮಕ್ಕಳು ನನಗೆ ಊಟ ಹಾಕುತ್ತಿಲ್ಲ ಅಂತ. ಊರಿನ ಪಂಚಾಯ್ತಿಯೆಲ್ಲ ಮಾಡಿದ ಮನುಷ್ಯ ಒಬ್ಬ ಅಧಿಕಾರಿಯ ಮುಂದೆ ನಿಂತು ಅದಕ್ಕೆ ಸಹಿ ಹಾಕುತ್ತಾನಾ? ಹಾಕಲ್ಲ, ಮಳೆಯಲ್ಲಾದರೂ ನೆನೆಯುತ್ತಾನೆ. ಲಿಯರ್ ಅಂದ್ರೆ ಅದೇ ಅಲ್ವಾ.

ಸವಾರರ ಲೆಕ್ಕ ಮೂಲದಲ್ಲಿ 100ರಿಂದ 50ಕ್ಕೆ, 25ಕ್ಕೆ, ಕೊನೆಗೆ ಒಬ್ಬನಾದರೂ ಯಾಕೆ ಅನ್ನೋವರೆಗೆ ಇಳಿಯುತ್ತದೆ. ಆ ಇಳಿತ ಕಿವಿಗೆ ಬೀಳಲೇಬೇಕು. ಡ್ರೈವರ್, ಅಡುಗೆಯವನು, ಲೆಕ್ಕದವನು, ದಿನಾ ಜಗಲಿಯಲ್ಲಿ ಬಂದು ಕೂರುವ ಹಳೇ ಸ್ನೇಹಿತರು, ಇವರನ್ನೆಲ್ಲ ಮಕ್ಕಳು ಒಬ್ಬೊಬ್ಬರಾಗಿ ಬಿಡಿಸಲಿ. ಪ್ರತಿ ಸಲವೂ ಮಗಳು ಹೇಳೋ ಕಾರಣ ನ್ಯಾಯ ಅನ್ನಿಸಬೇಕು. ಖರ್ಚು ಜಾಸ್ತಿ, ರಾತ್ರಿಯೆಲ್ಲ ಗಲಾಟೆ. ಅವಳನ್ನು ಮೊದಲಿನಿಂದಲೇ ರಾಕ್ಷಸಿ ಮಾಡಿದರೆ ನಾಟಕ ಸಪ್ಪೆಯಾಗುತ್ತದೆ.

ಉತ್ತರ 3:
ಕುವೆಂಪು ಷೇಕ್ಸ್‌ಪಿಯರ್‌ನದೇ ಹ್ಯಾಮ್ಲೆಟ್ ಕಥೆಯನ್ನು ಬಿದನೂರಿಗೆ ತಂದು ರಕ್ತಾಕ್ಷಿ ನಾಟಕ ಬರೆದರು, ಅಲ್ಲಿ ಅರಮನೆ ಉಳಿದಿತ್ತು. ಹಾಗೆ ಹಿಂದಿನ ಕಾಲಕ್ಕೆ ಹೋದರೆ ಈ ತಲೆನೋವು ಇಲ್ಲ. ಇವತ್ತಿಗೇ ತರೋದಾದರೆ ಫೋನನ್ನು ಬಚ್ಚಿಡಬೇಡಿ. ಲಿಯರ್‌ನ ಆಸ್ಥಾನದ ಗ್ಲೌಸ್ಟರನಿಗೆ ಅವನ ಮಗ ಎಡ್ಮಂಡ್ ಅಣ್ಣನ ಮೇಲೆ ಅನುಮಾನ ಹುಟ್ಟಿಸಲು ತೋರಿಸುವ ಕಳ್ಳ ಪತ್ರ ಒಂದು ಸ್ಕ್ರೀನ್‌ಶಾಟ್ ಆಗಲಿ. ಗ್ಲೌಸ್ಟರ್ ಇನ್ನೊಬ್ಬ ಮಗನಿಗೆ ಒಂದು ಕಾಲ್ ಮಾಡಿ ಕೇಳಬಹುದು, ಕೇಳಲ್ಲ. ಮೂಲದಲ್ಲೂ ಅವನು ಮಗನನ್ನು ಕರೆಸಿ ವಿಚಾರಿಸಲ್ಲ. ಗ್ಲೌಸ್ಟರನ ಕಣ್ಣು ಕೀಳುವ ದೃಶ್ಯವನ್ನು ಪರದೆ ಹಿಂದೆ ಹಾಕಬೇಡಿ, ಅಲ್ಲಿ ಅದನ್ನು ತಡೆಯಲು ತನ್ನ ಯಜಮಾನನಿಗೇ ಅಡ್ಡ ನಿಂತು ಸಾಯುವ ಆಳನ್ನು ದಯವಿಟ್ಟು ಕತ್ತರಿಸಬೇಡಿ.

ಪ್ರಶ್ನೆ ಕೇಳಿದವರು:
ವಕೀಲನ ದೃಶ್ಯ ಬರೆಯಲು ಶುರು ಮಾಡಿದೆ. ಆದರೆ ಕೆಂಟ್ ವೇಷ ಮರೆಸಿಕೊಂಡು ವಾಪಸ್ ಬರುತ್ತಾನಲ್ಲ, ವಕೀಲನೇ ಡ್ರೈವರ್ ಆಗಿ ಬಂದರೆ ಸಾಹುಕಾರನಿಗೆ ಗುರುತು ಸಿಗಲ್ಲ ಅಂದ್ರೆ ಜನ ನಂಬುತ್ತಾರಾ?

ಉತ್ತರ 1:
ನಂಬಲ್ಲ. ವೇಷವನ್ನೇ ಬಿಡಿ. ಅವನು ಹಾಗೇ ಬರಲಿ, ಗುರುತು ಸಿಕ್ಕಿದರೂ ಸಿಗದವನ ಹಾಗೆ ಸಾಹುಕಾರ ಕಾರಿನ ಕೀ ಕೊಡಲಿ. ಇದು ನಡೆಯಬೇಕು ಅಂದ್ರೆ ಮೊದಲ ದೃಶ್ಯದಲ್ಲೇ ಇಬ್ಬರ ಹಳೇ ಸಲಿಗೆ ಚೆನ್ನಾಗಿ ಕಾಣಿಸಿರಬೇಕು, ಅಲ್ಲಿ ಎರಡು ಮಾತು ಜಾಸ್ತಿ ಬರೆಯಿರಿ.