‘ಉತ್ಪಾದನೆ’ ಅಂದರೆ ಕರೆಂಟು ತೆಗೆಯುವುದೋ, ಪ್ಯಾನೆಲ್ ಮಾಡುವುದೋ?

ಎಲ್ಲರಿಗೂ ನಮಸ್ಕಾರ.

ನಾನು ಹಾಸನದ ಒಂದು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ವರ್ಷ ಮುಗಿಸಿ ಹೊರಡುವ ಮಕ್ಕಳಿಗೆ ಕೊಡಲು ಎಂಟು ಪುಟದ ಒಂದು ಕೈಪಿಡಿ ಬಂದಿದೆ. ಅದರ ಕನ್ನಡ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ, ರಾಜ್ಯದ 2022-27ರ ನವೀಕರಿಸಬಹುದಾದ ಇಂಧನ ನೀತಿ. ಕರಡಿನಲ್ಲಿ ಹೀಗೊಂದು ಸಾಲಿದೆ: ‘ಶುದ್ಧ ಇಂಧನದಿಂದ ವೆಚ್ಚ ತಗ್ಗುತ್ತದೆ, ಉತ್ಪಾದನಾ ಉದ್ಯೋಗಗಳು ಹೆಚ್ಚುತ್ತವೆ.’

ಇದನ್ನು ತರಗತಿಯಲ್ಲಿ ಓದಿದೆ. ಅರಸೀಕೆರೆ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ಉತ್ಪಾದನೆ ಅಂದ್ರೆ ಕರೆಂಟ್ ತೆಗೆಯೋ ಕಡೆ ಕೆಲ್ಸನಾ, ಪ್ಯಾನೆಲ್ ಮಾಡೋ ಕಡೆ ಕೆಲ್ಸನಾ?”

“ಎರಡೂ ಇರಬೋದಲ್ವಾ” ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಅದು ಉತ್ತರವೇ ಅಲ್ಲ ಅನ್ನಿಸಿತು. ಅವನು ಮುಂದೆ ಎಲ್ಲಿಗೆ ಹೋಗಬೇಕು, ಏನು ಕಲಿಯಬೇಕು ಅನ್ನುವುದೆಲ್ಲ ಈ ಒಂದು ಪದದ ಮೇಲೆ ನಿಂತಿದೆ.

ಯಾಕೆ ಅಂದರೆ, ಇವೆರಡೂ ಬೇರೆ ಬೇರೆ ಕೆಲಸ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕನ್ನೇ ತಗೊಳ್ಳಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಕಟ್ಟುವಾಗ ಬೇಕಾದಷ್ಟು ಕೆಲಸ ಇರುತ್ತದೆ: ಕಂಬ ನೆಡುವುದು, ಕೇಬಲ್ ಎಳೆಯುವುದು. ಕಟ್ಟಿ ಮುಗಿದ ಮೇಲೆ ಪ್ಯಾನೆಲ್ ಮೇಲಿನ ಧೂಳು ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು, ಇನ್ವರ್ಟರ್ ನೋಡಿಕೊಳ್ಳುವುದು. ಕರೆಂಟು ಬಹಳ ಬರುತ್ತದೆ, ಜನ ಕಡಿಮೆ ಸಾಕು. ಪ್ಯಾನೆಲ್ ಮಾಡುವ ಕಾರ್ಖಾನೆಯ ಲೆಕ್ಕವೇ ಬೇರೆ. ಅಲ್ಲಿ ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಬೆಸುಗೆ ಹಾಕಬೇಕು. ಗಾಜು, ಹಾಳೆಗಳ ನಡುವೆ ಇಟ್ಟು ಬಿಸಿಯಲ್ಲಿ ಒತ್ತಬೇಕು. ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ, ಹಿಂದೆ ಜಂಕ್ಷನ್ ಬಾಕ್ಸ್ ಅಂಟಿಸಿ, ಕೊನೆಗೆ ಬೆಳಕು ಬಿಟ್ಟು ಪರೀಕ್ಷೆ ಮಾಡಬೇಕು. ಮಷಿನ್ನು ಎಷ್ಟೇ ಇದ್ದರೂ ಪಾಳಿ ಪಾಳಿಯಲ್ಲಿ ಜನ ನಿಲ್ಲಲೇಬೇಕು. ನಮ್ಮ ಹುಡುಗರು ಕೇಳುವ ದಿನಾ ಬೆಳಗ್ಗೆ ಹೋಗಿ ಬರುವ ಕೆಲಸ ಜಾಸ್ತಿ ಇರುವುದು ಇಲ್ಲಿ.

ಇಂಗ್ಲಿಷಿನವರು ಜನರೇಷನ್ ಬೇರೆ, ಮ್ಯಾನುಫ್ಯಾಕ್ಚರಿಂಗ್ ಬೇರೆ ಅಂತಾರೆ. ನಮ್ಮ ಬರಹದಲ್ಲಿ ಎರಡಕ್ಕೂ ಉತ್ಪಾದನೆ. ಈ ಕರಡಿನಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟಿದೆ ನೋಡಿ. 2009ರಲ್ಲಿ ಕೇಂದ್ರ ಸರ್ಕಾರ ಗಾಳಿ ವಿದ್ಯುತ್ತಿಗೆ ಯೂನಿಟ್‌ಗೆ 50 ಪೈಸೆ ಹೆಚ್ಚುವರಿಯಾಗಿ ಕೊಡಲು ಶುರು ಮಾಡಿತು. ಆಮೇಲೆ ಸೋಲಾರ್ ಮಾಡ್ಯೂಲ್ (ಅಂದರೆ ಪ್ಯಾನೆಲ್) ಮಾಡುವ ಕಾರ್ಖಾನೆಗಳಿಗೆ ಎರಡು ಕಂತಿನಲ್ಲಿ ಒಟ್ಟು 24,000 ಕೋಟಿ ರೂಪಾಯಿಯ ಪಿಎಲ್‌ಐ (ಪ್ರೊಡಕ್ಷನ್ ಲಿಂಕ್ಡ್ ಇನ್ಸೆಂಟಿವ್) ಯೋಜನೆ ತಂದಿತು. ಮೊದಲನೆಯದು ಗ್ರಿಡ್ಡಿಗೆ ಹರಿಸಿದ ಕರೆಂಟಿಗೆ ಕೊಟ್ಟ ಹಣ. ಎರಡನೆಯದು ಮಾಡಿ ಮಾರಿದ ಸಾಮಾನಿಗೆ ಕೊಡುವ ಹಣ. ಕರಡಿನಲ್ಲಿ ಎರಡಕ್ಕೂ ಹೆಸರು ಒಂದೇ, ‘ಉತ್ಪಾದನೆ ಆಧಾರಿತ ಪ್ರೋತ್ಸಾಹಧನ’! ಓದಿದವರಿಗೆ ಎರಡೂ ಒಂದೇ ಯೋಜನೆ ಅನ್ನಿಸದೆ ಇರುತ್ತಾ?

ಈ ಗೋಜಲು ಯಾಕೆ ಉಳಿದುಕೊಂಡಿತು ಅಂತ ಯೋಚಿಸಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ ಯಂತ್ರಗಳು ಬಂದದ್ದು ಸಮುದ್ರದಾಚೆಯಿಂದ. ಇಲ್ಲಿ ನಡೆದದ್ದು ಕರೆಂಟು ತೆಗೆಯುವ ಕೆಲಸ. ಹಾಗಾಗಿ ಆಗ ಒಂದೇ ಪದ ಸಾಕಾಗಿತ್ತು. ಈಗ ಯಂತ್ರವೂ ಇಲ್ಲೇ ಆಗಬೇಕು ಅನ್ನುವ ಮಾತು ಬಂದಿದೆ. ಪದ ಮಾತ್ರ ಹಳೇದೇ ಉಳಿದಿದೆ.

ಆದರೆ ಆ ಹುಡುಗನ ಪ್ರಶ್ನೆಯಲ್ಲೇ ಉತ್ತರ ಇದೆ, ಗಮನಿಸಿದಿರಾ? ‘ತೆಗೆಯೋದು’ ಒಂದು, ‘ಮಾಡೋದು’ ಇನ್ನೊಂದು. ಜೋಗದಲ್ಲಿ ನೀರಿಂದ ಕರೆಂಟ್ ತೆಗೀತಾರೆ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಬೆಣ್ಣೆ ತೆಗೆಯುತ್ತೇವೆ, ಬೆಳೆ ತೆಗೆಯುತ್ತೇವೆ. ಅರಸೀಕೆರೆಯಲ್ಲಿ ಕೊಬ್ಬರಿಯಿಂದ ಎಣ್ಣೆ ತೆಗೆಯುತ್ತಾರೆ. ಗಾಣ ಆಡಿಸಿ ಎಣ್ಣೆ ತೆಗೆಯುವವರು ಗಾಣಿಗರು, ಆ ಮರದ ಗಾಣವನ್ನು ಮಾಡಿಕೊಟ್ಟವರು ಬಡಗಿಗಳು. ಇಬ್ಬರ ಕಸುಬನ್ನೂ ಒಂದೇ ಪದದಲ್ಲಿ ಯಾರೂ ಕರೆಯಲಿಲ್ಲ. ಸೋಲಾರ್ ಪಾರ್ಕು ಎಣ್ಣೆ ತೆಗೆಯುವ ಕಡೆ, ಪ್ಯಾನೆಲ್ ಕಾರ್ಖಾನೆ ಗಾಣ ಮಾಡುವ ಕಡೆ. ನಾಳೆ ಪಾಠವನ್ನು ಹೀಗೇ ಶುರು ಮಾಡುತ್ತೇನೆ.

ಬರಹದ ಕನ್ನಡದಲ್ಲೂ ದಾರಿ ಇದೆ. ಹಾಲು, ಆಹಾರಧಾನ್ಯ, ವಿದ್ಯುತ್ ಇವಕ್ಕೆ ಉತ್ಪಾದನೆ ಒಗ್ಗಿದೆ. ನಮ್ಮ ಊರೂರಲ್ಲಿ ಹಾಲು ಉತ್ಪಾದಕರ ಸಂಘದ ಬೋರ್ಡ್ ಇದೆ. ಬಟ್ಟೆ, ವಾಹನಕ್ಕೆ ತಯಾರಿಕೆ ಅಂತೀವಿ. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ‘ತಯಾರಿಕಾ ವಲಯ’ ಆಗಲೇ ನೆಲೆಯೂರಿದೆ. ಹಾಗಾಗಿ ‘ವಿದ್ಯುತ್ ಉತ್ಪಾದನೆ’, ‘ಪ್ಯಾನೆಲ್ ತಯಾರಿಕೆ’ ಅಂತ ಗೆರೆ ಎಳೆದುಬಿಡೋಣ ಅಂತಿದ್ದೇನೆ. ತಯಾರಿಕೆ ಬೇರೆ ಕಡೆಯಿಂದ ಬಂದ ಪದ ಅಂತ ಕೆಲವರಿಗೆ ಬೇಸರ ಇರಬಹುದು. ನನಗಿಲ್ಲ. ‘ತಯಾರು’ ಹೊರಗಿನದಾದರೂ ‘ಇಕೆ’ ನಮ್ಮದೇ.

‘ವೆಚ್ಚ’ದ್ದೂ ಸಣ್ಣ ಕಥೆಯಲ್ಲ. ಯಾರ ವೆಚ್ಚ? ಕರಡು ಹೇಳುವುದೇ ಇಲ್ಲ. ತಿಂಗಳಿಗೆ 200 ಯೂನಿಟ್ ಒಳಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುವ ಮನೆಗೆ ಏನು ತಗ್ಗಬೇಕು? 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅಲ್ಲಿ ತಗ್ಗುವುದು ಸರ್ಕಾರ ತುಂಬಿಕೊಡುವ ಸಹಾಯಧನ. ಸೋಲಾರ್‌ನಿಂದ ರೈತನಿಗೆ ಸಿಗುವುದು ಹಗಲು ಹೊತ್ತಿನ ಕರೆಂಟು. ಆಲೂಗಡ್ಡೆಗೆ ನೀರು ಹಾಯಿಸಲು ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹೋಗುವವನಿಗೆ ಅದೇ ದೊಡ್ಡದು. ಅದನ್ನು ‘ವೆಚ್ಚ ತಗ್ಗುತ್ತದೆ’ ಅಂತ ಬರೆದರೆ ಅವನಿಗೆ ಏನೂ ಹೇಳಿದ ಹಾಗಾಗಲಿಲ್ಲ. ನಾನು ಜಾಗ ನೋಡಿಕೊಂಡು ಮನೆಗೆ ‘ಬಿಲ್ಲು’, ಕಾರ್ಖಾನೆಗೆ ‘ಕರೆಂಟಿನ ಖರ್ಚು’, ವಿದ್ಯುತ್ ಕಂಪನಿಗೆ ‘ಖರೀದಿ ದರ’ ಅಂತ ಬಿಡಿಸಿ ಬರೆಯುತ್ತಿದ್ದೇನೆ.

‘ಇಂಧನ’ದ ಮೂಲ ಉರಿಸುವುದು. ಬಿಸಿಲು, ಗಾಳಿಯಲ್ಲಿ ಸೌದೆ ಎಲ್ಲಿದೆ? ಆದರೂ ಇಲಾಖೆಯ ಹೆಸರೇ ಇಂಧನ ಇಲಾಖೆ. ಅದನ್ನು ಮುಟ್ಟಲು ಹೋಗುವುದಿಲ್ಲ.

ಈಗ ನಿಮ್ಮನ್ನು ಕೇಳಬೇಕಾದ್ದು. ಮಕ್ಕಳ ಕೈಪಿಡಿಯಲ್ಲಿ ‘ಬಿಸಿಲಿನಿಂದ ಕರೆಂಟು ತೆಗೆಯುವುದು’ ಅಂತಲೇ ಬರೆಯಬೇಕು ಅಂತ ನನಗೆ ತುಂಬ ಆಸೆ. ಆದರೆ ನಮ್ಮ ಕಡೆ ‘ಕರೆಂಟ್ ತೆಗೆದ್ರು’ ಅಂದರೆ ಲೈನ್ ಆಫ್ ಮಾಡಿದರು ಅಂತಲೂ ಅರ್ಥ. ‘ಬಿಸಿಲಿನಿಂದ’, ‘ನೀರಿನಿಂದ’ ಅಂತ ಮುಂದೆ ಸೇರಿಸಿದರೆ ಗೊಂದಲ ಹೋಗುತ್ತದೆ ಅನ್ನುವುದು ನನ್ನ ಅಂದಾಜು. ಬೇರೆ ಜಿಲ್ಲೆಗಳಲ್ಲಿ ಇದಕ್ಕೆ ಏನಂತೀರಿ? ತುಮಕೂರು, ಚಿತ್ರದುರ್ಗದ ಕಡೆಯವರು ದಯವಿಟ್ಟು ಹೇಳಿ. ಪಾರ್ಕಿನ ಸುತ್ತಲಿನ ಜನ, ಗಾಳಿಯಂತ್ರದ ಗುಡ್ಡದ ಕೆಳಗಿನ ಜನ ದಿನಾ ಬಳಸುವ ಮಾತು ನನಗೆ ಬೇಕು. ಜೊತೆಗೆ ಆ ಎರಡು ಪ್ರೋತ್ಸಾಹಧನಗಳಿಗೆ ಬೇರೆ ಬೇರೆ ಹೆಸರು ಹೊಳೆದರೆ ತಿಳಿಸಿ. ಸದ್ಯಕ್ಕೆ ‘ಯೂನಿಟ್ ಲೆಕ್ಕದ ಪ್ರೋತ್ಸಾಹಧನ’, ‘ತಯಾರಿಕೆ ಲೆಕ್ಕದ ಪ್ರೋತ್ಸಾಹಧನ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಸೋಮವಾರ ಕರಡು ಪ್ರಿಂಟಿಗೆ ಹೋಗುತ್ತದೆ.