ರೇಡ್ 5ರಲ್ಲಿ ಎರಡು ಡಿಸ್ಕ್ ಹೋಗಿವೆ, ಮದುವೆ ಫೋಟೋ ವಾಪಸ್ ಸಿಗುತ್ತಾ?

ಪೇಟೆ ಸ್ಟುಡಿಯೋ:
ವಿರಾಜಪೇಟೆಯಲ್ಲಿ ನಂದೊಂದು ಸಣ್ಣ ಸ್ಟುಡಿಯೋ. ಫೋಟೋ, ವಿಡಿಯೋ ಎಲ್ಲ ಒಂದು ನ್ಯಾಸ್ ಪೆಟ್ಟಿಗೆಯಲ್ಲಿದೆ (ನೆಟ್‌ವರ್ಕಿಗೆ ಸೇರಿಸಿ ಬಳಸೋ ಡಿಸ್ಕ್‌ಗಳ ಪೆಟ್ಟಿಗೆ). 4 ಟಿಬಿಯ ನಾಲ್ಕು ಡಿಸ್ಕ್, ರೇಡ್ 5 (ಎಲ್ಲ ಡಿಸ್ಕ್ ಸೇರಿಸಿ ಒಂದಾಗಿ ಬಳಸೋದು, ಒಂದು ಕೆಟ್ಟರೂ ಡೇಟಾ ಉಳಿಯುತ್ತೆ), ಬಳಸೋಕೆ ಸಿಗೋದು 12 ಟಿಬಿ. ಮೊನ್ನೆ ರಾತ್ರಿ ಗುಡುಗು ಸಿಡಿಲಿಗೆ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು, ಬೆಳಗ್ಗೆ ನೋಡಿದರೆ 2 ಮತ್ತು 3ನೇ ಡಿಸ್ಕ್‌ಗೆ ಕೆಂಪು ದೀಪ. ನಿಜ ಹೇಳಬೇಕು ಅಂದ್ರೆ 2ನೇದು ಮೇ ತಿಂಗಳಿಂದಲೇ ಕೆಂಪು. ಪೆಟ್ಟಿಗೆ ಕೂಗ್ತಾ ಇತ್ತು, ಗಿರಾಕಿಗಳ ಮುಂದೆ ಕಿರಿಕಿರಿ ಅಂತ ನಾನೇ ಸದ್ದು ಆಫ್ ಮಾಡಿದ್ದೆ. ಈಗ ಪರದೆಯಲ್ಲಿ 'ಇನಿಷಿಯಲೈಸ್ ಮಾಡಿ' ಅಂತ ಬರುತ್ತಿದೆ. ಒತ್ತಲಾ? ಹೊಸ ಡಿಸ್ಕ್ ಹಾಕಿದರೆ ಹೋದದ್ದು ಅದರಲ್ಲಿ ತಾನೇ ಮತ್ತೆ ತುಂಬಿಕೊಂಡು ರೀಬಿಲ್ಡ್ ಆಗುತ್ತೆ ಅಂತ ಅಂಗಡಿಯವರು ಹೇಳಿದರು. ಒಂದು ಮದುವೆಯ ಆಲ್ಬಂ ಇನ್ನೂ ಕೊಟ್ಟಿಲ್ಲ. ಮದುಮಗನ ಮನೆಯವರಿಗೆ ಏನು ಹೇಳೋದು?

ಕಾಫಿಹೂ:
ಒತ್ತಬೇಡಿ, ಇರೋದೂ ಅಳಿಸಿ ಹೋಗುತ್ತೆ! ಮೊದಲು ಪೆಟ್ಟಿಗೆ ಆಫ್ ಮಾಡಿ. ಡಿಸ್ಕ್ ಹೊರಗೆ ತೆಗೆಯೋ ಮುಂಚೆ ಸ್ಕೆಚ್ ಪೆನ್ನಲ್ಲಿ 1, 2, 3, 4 ಅಂತ ಬರೆಯಿರಿ.

ರೀಬಿಲ್ಡ್ ಯಾಕೆ ಆಗಲ್ಲ ಅಂದ್ರೆ, ರೇಡ್ 5 ಮೂರು ಡಿಸ್ಕ್‌ನ ಒಂದೊಂದು ಬಿಟ್ ತಗೊಂಡು 1 ಎಷ್ಟಿದೆ ಅಂತ ಎಣಿಸಿ, ಸರಿ ಸಂಖ್ಯೆ ಬಂದರೆ 0, ಬೆಸ ಬಂದರೆ 1 ಅಂತ ಉಳಿದ ಒಂದರಲ್ಲಿ ಬರೆದಿಡುತ್ತೆ, ಆ ಒಂದು ಯಾವುದು ಅನ್ನೋದು ಸರದಿಯಲ್ಲಿ ಬದಲಾಗುತ್ತೆ. ಒಂದು ಹೋದರೆ ಉಳಿದ ಮೂರನ್ನು ನೋಡಿ ಲೆಕ್ಕ ಹಾಕಬಹುದು. ಎರಡು ಹೋದರೆ ಲೆಕ್ಕಕ್ಕೆ ದಾರಿಯೇ ಇಲ್ಲ. ಆದರೆ ನಿಮ್ಮ 3ನೇದು ಮೊನ್ನೆ ರಾತ್ರಿ ತನಕ ಕೆಲಸ ಮಾಡಿದೆ, ಅಲ್ವಾ? ಉಳಿಸಬೇಕಾದ್ದು ಅದನ್ನೇ. 2ನೇದರಲ್ಲಿರೋದು ಮೇ ತಿಂಗಳ ಹಳಸಲು, ಅದನ್ನು ಸೇರಿಸಿದರೆ ಇರೋದೂ ಕಲಸಿ ಹೋಗುತ್ತೆ.

ಮಳೆಗಾಲ:
ಡಿಸ್ಕನ್ನು ರಾತ್ರಿ ಫ್ರೀಜರಲ್ಲಿಟ್ಟರೆ ಓದುತ್ತೆ ಅಂತ ಕೇಳಿದ್ದೆ?

ಕಾಫಿಹೂ:
ಅಯ್ಯೋ ಬೇಡ. ಹೊರಗೆ ತೆಗೆದ ಕೂಡಲೇ ಒಳಗೆ ನೀರಿನ ಪಸೆ ಕೂರುತ್ತೆ. ಆಟಿ ತಿಂಗಳಲ್ಲಿ ಇಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತೆ, ಡಿಸ್ಕ್ ಉಳಿಯುತ್ತಾ?

ಲಿನಕ್ಸ್ ಮಾವ:
ತಮ್ಮಾ, ದಾರಿ ಇದೆ, ಅವಸರ ಬೇಡ. 3ನೇ ಡಿಸ್ಕ್ ಟಕ್ ಟಕ್ ಅಂತ ಬಡಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ದುಡ್ಡು ಜಾಸ್ತಿ ಆದರೂ ಡೇಟಾ ವಾಪಸ್ ತೆಗೆಯೋ ಲ್ಯಾಬಿಗೇ ಕೊಡಬೇಕು. ಮುಚ್ಚಳ ಮಾತ್ರ ಬಿಚ್ಚಬೇಡ. ಸುಮ್ನೆ ತಿರುಗುತ್ತಿದ್ದರೆ ಕಂಪ್ಯೂಟರಿಗೆ ನೇರ ಸಾಟಾ ಕೇಬಲ್ ಹಾಕಿ, ಪೆನ್ ಡ್ರೈವ್‌ನಿಂದ ಲಿನಕ್ಸ್ ಶುರು ಮಾಡಿ, ಕೆಟ್ಟ ಡಿಸ್ಕಿಂದಲೂ ನಕಲು ತೆಗೆಯೋ ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶದಲ್ಲಿ 1, 3, 4 ಮೂರಕ್ಕೂ ನಕಲು ತೆಗಿ. ನಕಲು ಹಾಕೋ ಡಿಸ್ಕ್ ಅಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡದಿರಲಿ. ಎಲ್ಲಿ ತನಕ ಓದಿತು ಅಂತ ಬರೆದಿಡೋ ಮ್ಯಾಪ್ ಫೈಲ್ ಕೊಡೋದು ಮರೆಯಬೇಡ. ನಮ್ಮೂರ ಕರೆಂಟ್ ಗೊತ್ತಲ್ಲ, ಮಧ್ಯದಲ್ಲಿ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತೆ. ಚೆನ್ನಾಗಿರೋ 4 ಟಿಬಿಗೆ ಏಳೆಂಟು ಗಂಟೆ, ಕೆಟ್ಟಿದ್ದಕ್ಕೆ ದಿನಗಟ್ಟಲೆ.

ಆಮೇಲೆ ಲಿನಕ್ಸಲ್ಲಿ ರೇಡ್ ನೋಡಿಕೊಳ್ಳೋ ಎಂಡಿಎಡಿಎಂನ ಎಕ್ಸಾಮಿನ್‌ನಲ್ಲಿ ಈವೆಂಟ್ ಸಂಖ್ಯೆ ನೋಡು, ಯಾವ ಡಿಸ್ಕ್ ಎಷ್ಟು ಹಿಂದೆ ಬಿದ್ದಿದೆ ಅಂತ ಅದರಲ್ಲಿ ಗೊತ್ತಾಗುತ್ತೆ. ಹತ್ತಿರ ಹತ್ತಿರ ಇರೋ ಮೂರರ ನಕಲನ್ನು ಅಸೆಂಬಲ್, ಫೋರ್ಸ್ ಅಂತ ಜೋಡಿಸು. ಹೊಸದಾಗಿ ಕಟ್ಟೋ ಕ್ರಿಯೇಟ್ ಅಂತ ಕೊಟ್ಟೀಯ ಜೋಕೆ, ಒಂದು ಕ್ರಮ ತಪ್ಪಿದರೂ ಎಲ್ಲ ಕಲಸುಮೇಲೋಗರ. ಬಂದರೆ ಓದೋಕೆ ಮಾತ್ರ ಅಂತ ಮೌಂಟ್ ಮಾಡಿ ಬೇರೆ ಡಿಸ್ಕಿಗೆ ಎತ್ತಿಕೋ.

ಪೇಟೆ ಸ್ಟುಡಿಯೋ:
ಬಂತು ಮಾವ! ಗೋಣಿಕೊಪ್ಪದಲ್ಲಿ ಒಂದೇ ಡಿಸ್ಕ್ ಸಿಕ್ಕಿತು, ಉಳಿದವನ್ನು ಮೈಸೂರಿಂದ ಬಸ್ಸಲ್ಲಿ ಹಾಕಿಸಿಕೊಂಡೆ. 3ನೇದಕ್ಕೆ ಎರಡು ಹಗಲು, ಎರಡು ರಾತ್ರಿ ಹಿಡಿಯಿತು, ಕೊನೆಗೆ ಓದದೆ ಉಳಿದದ್ದು ಕೆಲವು ಕೆಬಿ ಅಷ್ಟೇ. ಈವೆಂಟ್ ಸಂಖ್ಯೆ 1ಕ್ಕೂ 4ಕ್ಕೂ ಒಂದೇ, 3ನೇದು ಸ್ವಲ್ಪ ಹಿಂದೆ, 2ನೇದು ಎಲ್ಲೋ ದೂರ. ಆಲ್ಬಂ ಪೂರ್ತಿ ಇದೆ. ಒಂದು ಫೋಟೋದಲ್ಲಿ ಮಾತ್ರ ಮದುಮಗನ ಕೊಡವ ಉಡುಪು ಕುಪ್ಯಚೇಲೆ ಸೊಂಟದ ಪಟ್ಟಿ ಚೇಲೆ ತನಕ ಸರಿಯಾಗಿದೆ, ಕೆಳಗೆ ಬರೀ ಬೂದಿ ಬಣ್ಣ. ಅದನ್ನು ಕತ್ತರಿಸಿ ಅರ್ಧ ಫೋಟೋ ಮಾಡಿ ಹಾಕ್ತೇನೆ, ಯಾರಿಗೂ ಗೊತ್ತಾಗಲ್ಲ. ಈಗ ಈ ಪೆಟ್ಟಿಗೆಗೆ ಎಷ್ಟು ವಿಎ ಸಾಮರ್ಥ್ಯದ ಯುಪಿಎಸ್ ಸಾಕು ಹೇಳಿ.