ನ್ಯೂಜೆರ್ಸಿ ರಾಜ್ಯ ತೆರಿಗೆ: ಐಟಿಐಎನ್ ಇರುವ ಮಗು, ಊರಿಂದ ಬಂದ ಅಪ್ಪ-ಅಮ್ಮ, ಮನೆ ಬಾಡಿಗೆ

ಪ್ರಶ್ನೆ: ಎಡಿಸನ್‌ನಲ್ಲಿ ಬಾಡಿಗೆ ಮನೆ, ಎಚ್-1ಬಿ ಕೆಲಸದ ವೀಸಾ. ಇಬ್ಬರು ಮಕ್ಕಳಲ್ಲಿ ದೊಡ್ಡವಳಿಗೆ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲ, ಐಟಿಐಎನ್ (ಆ ನಂಬರ್ ಸಿಗದವರಿಗೆ ಫೆಡರಲ್ ತೆರಿಗೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಮಾತ್ರ. ಫೆಡರಲ್‌ನಲ್ಲಿ ಅವಳ ಲೆಕ್ಕಕ್ಕೆ ತೆರಿಗೆಯಲ್ಲಿ 500 ಡಾಲರ್ ಕಡಿತ ಅಷ್ಟೇ ಬಂತು. ರಾಜ್ಯದಲ್ಲೂ ಹೀಗೇನಾ? ಅಪ್ಪ-ಅಮ್ಮನನ್ನೂ ಸೇರಿಸಬಹುದಾ?

ಉತ್ತರ: ಇಲ್ಲ ಸರ್, ರಾಜ್ಯದಲ್ಲಿ ಆ ಭೇದವಿಲ್ಲ. ಎನ್‌ಜೆ-1040ರಲ್ಲಿ (ರಾಜ್ಯದ ತೆರಿಗೆ ರಿಟರ್ನ್) ಪ್ರತಿ ಮಗುವಿಗೂ 1,500 ಡಾಲರ್ ವಿನಾಯಿತಿ, ಐಟಿಐಎನ್ ಇದ್ದರೆ ಸಾಕು. ಆದರೆ ಇದು ತೆರಿಗೆಯಲ್ಲಿ ಕಳೆಯುವ ಮೊತ್ತವಲ್ಲ, ಆದಾಯದಲ್ಲಿ ಕಳೆಯುವುದು. 6.37% ದರದವರಿಗೆ ಒಂದು ಮಗುವಿಗೆ ಉಳಿಯುವುದು ಸುಮಾರು 96 ಡಾಲರ್.

ಐದು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿಗೆ ರಾಜ್ಯದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ (ತೆರಿಗೆಯಲ್ಲೇ ಕಳೆಯುವ ಮೊತ್ತ) ಬೇರೆ ಇದೆ, ಗರಿಷ್ಠ 1,000 ಡಾಲರ್. ಆದಾಯ 30,000ದವರೆಗೆ ಇದ್ದರೆ ಪೂರ್ತಿ, ಆಮೇಲೆ ಇಳಿಯುತ್ತಾ 80,000ಕ್ಕೆ ನಿಂತುಹೋಗುತ್ತದೆ. ನೋಡುವುದು ವಿನಾಯಿತಿ ಎಲ್ಲ ಕಳೆದ ಮೇಲಿನ ತೆರಿಗೆಯೋಗ್ಯ ಆದಾಯವನ್ನು. ಸಂಬಳ 80,000 ದಾಟಿತೆಂದು ಸುಮ್ಮನಾಗಬೇಡಿ, ಲೆಕ್ಕ ಮಾಡಿ ನೋಡಿ.

ಹೆಚ್ಚಿನವರಿಗೆ ನಿಜವಾದ ಉಳಿತಾಯ ಬಾಡಿಗೆಯಲ್ಲಿದೆ. ವರ್ಷದ ಬಾಡಿಗೆಯ 18% ಅನ್ನು ಆಸ್ತಿ ತೆರಿಗೆ ಕಟ್ಟಿದಂತೆ ಪರಿಗಣಿಸಿ ಆದಾಯದಿಂದ ಕಳೆಯಬಹುದು, ಮಿತಿ 15,000 ಡಾಲರ್. ತಿಂಗಳಿಗೆ 2,500 ಬಾಡಿಗೆಯಾದರೆ ವರ್ಷಕ್ಕೆ 30,000, ಅದರ 18% ಅಂದರೆ 5,400. 6.37% ದರದಲ್ಲಿ 344 ಡಾಲರ್ ಉಳಿತು. ಮೂರು ಮಕ್ಕಳ ವಿನಾಯಿತಿಗಿಂತ ಹೆಚ್ಚು! ಮನೆ ಹಂಚಿಕೊಂಡಿದ್ದರೆ ನಿಮ್ಮ ಪಾಲು ಮಾತ್ರ. ಕಟ್ಟಡವೇ ಆಸ್ತಿ ತೆರಿಗೆಯಿಂದ ಹೊರಗಿದ್ದರೆ ಇದು ಸಿಗದು.

ಸಾಫ್ಟ್‌ವೇರ್‌ನಲ್ಲಿ ಜನ ಎಡವುವುದು ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ತುಂಬುವಾಗ. ಡೇಕೇರ್‌ಗೆಂದು ಎಫ್‌ಎಸ್‌ಎಗೆ (ಸಂಬಳದಿಂದ ಫೆಡರಲ್ ತೆರಿಗೆಯಿಲ್ಲದೆ ತೆಗೆದಿಡುವ ಖಾತೆ) ಹಾಕಿದ ಹಣಕ್ಕೂ ಎಚ್‌ಎಸ್‌ಎ (ವೈದ್ಯಕೀಯ ಖರ್ಚಿನ ಅಂಥದೇ ಖಾತೆ) ಹಣಕ್ಕೂ ನ್ಯೂಜೆರ್ಸಿ ತೆರಿಗೆ ಹಾಕುತ್ತದೆ, ಹಾಗಾಗಿ ಬಾಕ್ಸ್ 16 (ರಾಜ್ಯದ ಸಂಬಳ) ಬಾಕ್ಸ್ 1ಕ್ಕಿಂತ (ಫೆಡರಲ್ ಸಂಬಳ) ದೊಡ್ಡದಿರುವುದು ಸಹಜ. ತಪ್ಪೆಂದು ತಿಳಿದು ಎರಡನ್ನೂ ಸರಿಸಮ ಮಾಡಿದರೆ ರಾಜ್ಯದಿಂದ ನೋಟಿಸ್ ಬರಬಹುದು.

ಅಪ್ಪ-ಅಮ್ಮನ ವಿಷಯ ಕಷ್ಟ. ಫೆಡರಲ್ ನಿಯಮದಂತೆ ಡಿಪೆಂಡೆಂಟ್ (ನಿಮ್ಮ ಅವಲಂಬಿತರು) ಆದರೆ ಮಾತ್ರ ರಾಜ್ಯದಲ್ಲೂ ಆಗುತ್ತಾರೆ. ಬಿ-2 (ಪ್ರವಾಸಿ) ವೀಸಾದಲ್ಲಿ ಬಂದವರು ಅಮೆರಿಕದಲ್ಲಿದ್ದ 183 ದಿನಗಳ ಲೆಕ್ಕದಲ್ಲಿ ತೆರಿಗೆ ಮಟ್ಟಿಗೆ ನಿವಾಸಿಯಾಗಬೇಕು, ಅರ್ಧಕ್ಕಿಂತ ಹೆಚ್ಚು ಖರ್ಚು ನಿಮ್ಮದಿರಬೇಕು, ಅವರ ಆದಾಯ 2024ಕ್ಕೆ 5,050 ಡಾಲರ್‌ಗಿಂತ ಕಡಿಮೆ ಇರಬೇಕು. ಅದು ನಾಲ್ಕು ಲಕ್ಷ ರೂಪಾಯಿ ಚಿಲ್ಲರೆ. ಸರ್ಕಾರಿ ಪಿಂಚಣಿ, ಎಫ್‌ಡಿ ಬಡ್ಡಿ ಇರುವ ಅಪ್ಪ ಇಲ್ಲೇ ಹೊರಗಾಗುತ್ತಾರೆ. ಅರ್ಹರಾದರೆ ಡಬ್ಲ್ಯು-7 (ಐಟಿಐಎನ್ ಅರ್ಜಿ) ಅನ್ನು ಫೆಡರಲ್ ರಿಟರ್ನ್ ಜೊತೆಗೇ ಕಳಿಸಬೇಕು. ಪಾಸ್‌ಪೋರ್ಟ್‌ನಲ್ಲಿ ಅಮೆರಿಕ ಪ್ರವೇಶಿಸಿದ ದಿನಾಂಕ ಇಲ್ಲದಿದ್ದರೆ ಅದೊಂದೇ ದಾಖಲೆ ಸಾಲದು.

ಇನ್ನೊಬ್ಬರು: ಮ್ಯಾನ್‌ಹಟನ್‌ನಲ್ಲಿ ಕೆಲಸ ಮಾಡುವವರಿಗೆ ಮೇಲಿನ ಲೆಕ್ಕ ತಲೆಕೆಳಗು. ಮೊದಲು ನ್ಯೂಯಾರ್ಕಿಗೆ ಐಟಿ-203 (ಅಲ್ಲಿ ವಾಸವಿಲ್ಲದವರ ರಿಟರ್ನ್) ತುಂಬಿ. ಅಲ್ಲಿ ಪ್ರತಿ ಮಗುವಿಗೆ 1,000 ವಿನಾಯಿತಿ ಇದೆ, ಎಂಪೈರ್ ಸ್ಟೇಟ್ ಚೈಲ್ಡ್ ಕ್ರೆಡಿಟ್ ಮಾತ್ರ ಅಲ್ಲಿನ ನಿವಾಸಿಗಳಿಗೇ. ಅಲ್ಲಿ ಕಟ್ಟಿದ ತೆರಿಗೆಯನ್ನು ಎನ್‌ಜೆ-ಸಿಒಜೆಯಲ್ಲಿ (ಬೇರೆ ರಾಜ್ಯಕ್ಕೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ಲೆಕ್ಕ ಹಾಕುವ ನಮೂನೆ) ಹೊಂದಿಸಿಕೊಂಡಾಗ ನ್ಯೂಜೆರ್ಸಿ ತೆರಿಗೆ ಬಹುತೇಕ ಸೊನ್ನೆಯಾಗುತ್ತದೆ, ಬಾಡಿಗೆ ಕಳೆದರೂ ಪ್ರಯೋಜನವಿಲ್ಲ. ಆಗ ಅದರ ಬದಲು ಇರುವ 50 ಡಾಲರ್ ಕ್ರೆಡಿಟ್ ಆಯ್ದುಕೊಳ್ಳಿ, ಅದು ಕೈಗೆ ಬರುತ್ತದೆ.

ಕಾಲೇಜಿನ ಮಕ್ಕಳಿರುವವರಿಗೆ: 22 ತುಂಬದ ಪೂರ್ಣಾವಧಿ ವಿದ್ಯಾರ್ಥಿಗೆ ಇನ್ನೂ 1,000 ವಿನಾಯಿತಿ, ಖರ್ಚಿನ ಅರ್ಧವನ್ನಾದರೂ ನೀವು ಕೊಟ್ಟಿದ್ದರೆ. ಮಗಳು ಬೇಸಿಗೆ ಕೆಲಸಕ್ಕೆ ತನ್ನದೇ ರಿಟರ್ನ್ ಹಾಕಿದರೆ ಅಲ್ಲಿ ತನ್ನ 1,000ವನ್ನೂ ಕಳೆಯಬಹುದು. ಫೆಡರಲ್‌ನಲ್ಲಿ ಒತ್ತಿದ ‘ಬೇರೆಯವರ ಡಿಪೆಂಡೆಂಟ್’ ಗುರುತು ಇಲ್ಲಿ ಅಡ್ಡಿಯಲ್ಲ.